ಇನ್ನೂರರಲ್ಲಿ ಹದಿನೆಂಟು

ಬುಧವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಮಹಾನಂದಾ ಕೊನೆಯ ಬಾಟಲಿಯನ್ನು ಕೆಂಪು ಟ್ರೇಯಲ್ಲಿ ಇಟ್ಟಳು. ಇನ್ನೂರು ಬಾಟಲಿಗಳಲ್ಲಿ ನೂರಾ ಎಂಬತ್ತೊಂದನ್ನು ಅವಳು ಬೇಡವೆಂದು ತೆಗೆದಿದ್ದಳು. ನಿಜವಾಗಿ ದೋಷವಿದ್ದುದು ಹದಿನೆಂಟರಲ್ಲಿ.

ಬೊಮ್ಮಸಂದ್ರದ ಆ ಚುಚ್ಚುಮದ್ದಿನ ಕಾರ್ಖಾನೆಯಲ್ಲಿ ಇದು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ. ಔಷಧಿ ತುಂಬಿ ಮುಚ್ಚಳ ಬಿಗಿದ ಪ್ರತಿ ಸಣ್ಣ ಗಾಜಿನ ಬಾಟಲಿಯನ್ನೂ ಯಾರಾದರೊಬ್ಬರು ಕಣ್ಣಿಂದ ನೋಡಿಯೇ ಹೊರಗೆ ಬಿಡಬೇಕು. ಬೂತೆಂಬ ಸಣ್ಣ ಗೂಡಿನ ದೀಪದ ಕೆಳಗೆ ಹಿಡಿದು ಮೆಲ್ಲಗೆ ತಿರುಗಿಸಿ, ಕಪ್ಪು ಹಲಗೆಯ ಮುಂದೆ ಐದು ಸೆಕೆಂಡು, ಬಿಳಿ ಹಲಗೆಯ ಮುಂದೆ ಐದು ಸೆಕೆಂಡು. ಗಾಜಿನ ಚೂರೋ ನಾರೋ ಕಪ್ಪು ಚುಕ್ಕೆಯೋ ಕಂಡರೆ ಕೆಂಪು ಟ್ರೇ, ಇಲ್ಲದಿದ್ದರೆ ಹಸಿರು. ಹೀಗೆ ನೋಡುವವರನ್ನು ಪರೀಕ್ಷಿಸಲು ದೋಷವಿರುವ ಕೆಲವನ್ನು ಒಳ್ಳೆಯವುಗಳ ನಡುವೆ ಬೆರೆಸಿ ಕೊಡುತ್ತಾರೆ. ಎಷ್ಟು ಬೆರೆಸಿದ್ದಾರೆ ಎಂಬುದನ್ನು ಅವರಿಗೆ ಹೇಳುವಂತಿಲ್ಲ. ಮೂರು ಅವಕಾಶ. ಮೂರರಲ್ಲೂ ತಪ್ಪಿದರೆ ಮತ್ತೆ ಆ ಬೂತಿನಲ್ಲಿ ಕೂರುವಂತಿಲ್ಲ.

ಆರು ವರ್ಷ ಮಹಾನಂದಾ ಮೊದಲ ಅವಕಾಶದಲ್ಲೇ ಪಾಸಾಗಿದ್ದಳು. ಈ ವರ್ಷ ಇದು ಎರಡನೆಯದು. ಮೂರನೆಯದು ಮರುದಿನ ಬೆಳಗ್ಗೆ ಹತ್ತಕ್ಕೆ ನಿಗದಿಯಾಗಿತ್ತು.

ಅವಳಿಗೆ ಮೂವತ್ತಾರು. ಊರು ಹುನಗುಂದದ ಹತ್ತಿರ. ಗಂಡ ಮುತ್ತು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಕಿತ್ತಗಾನಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗುತ್ತಿಗೆಯ ಮೇಲೆ ಸೇರಿದವಳು. ಜುಲೈನಲ್ಲಿ ಕಾಯಂ ಆಗಲಿದ್ದ ಎಂಟು ಜನರ ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದು. ಬೂತು ಹೋದರೆ ಆ ಹೆಸರೂ ಹೋಗುತ್ತಿತ್ತು. ಗುತ್ತಿಗೆದಾರ ಅವಳನ್ನು ಕಳಿಸಿದ್ದು ನೋಡುವ ಕೆಲಸಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಗುಣಮಟ್ಟ ವಿಭಾಗದ ಪರಮಾನಂದ ಕೆಂಪು ಟ್ರೇಗಳನ್ನು ಎಣಿಸಿ ಮುಗಿಸಿ, ಪಾಳಿಯ ಮೇಲ್ವಿಚಾರಕ ಸಂಗಮೇಶನನ್ನು ಬಾಗಿಲಾಚೆ ಕರೆದ.

"ಹೋದ ವಾರ ನೂರಾ ನಲವತ್ತು. ಇವತ್ತು ನೂರಾ ಎಂಬತ್ತೊಂದು. ಏನ್ರೀ ಇದು ಸಂಗಮೇಶ್? ಹದಿನೆಂಟೂ ಸಿಕ್ಕಿದೆ, ಅದರ ಜೊತೆ ಊರೆಲ್ಲಾ ಸಿಕ್ಕಿದೆ."

"ಕಣ್ಣಿನ ರಿಪೋರ್ಟು?"

"ನಾರ್ಮಲ್. ನಮ್ಮಿಬ್ಬರ ಕಣ್ಣಿಗಿಂತ ಚೆನ್ನಾಗಿದೆ."

"ಟೆನ್ಷನ್ ಇರಬಹುದಾ?"

ಪರಮಾನಂದ ನಕ್ಕ. "ಅವರಿಗಾ? ಕ್ಯಾಂಟೀನಲ್ಲಿ ಫೋಟೊ ಹಾಕಿದ್ದೀರಲ್ಲ ಸ್ವಾಮಿ. ಸ್ಥೈರ್ಯ ತಾರೆ ಅಂತ."

ಸಂಗಮೇಶ ಒಳಗೆ ನೋಡಿದ. ಗಾಜಿನಾಚೆ ಮಹಾನಂದಾ ಸ್ಟೂಲಿನ ಮೇಲೆ ಕೂತೇ ಇದ್ದಳು. ದೀಪ ಆರಿಸಿದ್ದಳು. ಕೈಗವಸು ಹಾಕಿದ ಕೈಗಳನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು.

ಫೆಬ್ರುವರಿ ಹನ್ನೊಂದರ ಬೆಳಗ್ಗೆ ಹತ್ತು ನಲವತ್ತಕ್ಕೆ ಬಾಟಲಿ ತೊಳೆಯುವ ವಿಭಾಗದಲ್ಲಿ ಹಬೆಯ ಪೈಪು ಒಡೆದಿತ್ತು. ಅದರ ಮುಂದೆ ನಿಂತಿದ್ದವಳು ಸವಿತಾ. ಇಳಕಲ್ಲಿನ ಕಡೆಯವಳು. ಮಹಾನಂದಾ ಮತ್ತು ಸವಿತಾ ನಾಲ್ಕು ವರ್ಷ ಕಂಪನಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬಂದವರು, ಕ್ಯಾಂಟೀನಿನಲ್ಲಿ ಒಂದೇ ಡಬ್ಬಿಯ ಸಜ್ಜೆ ರೊಟ್ಟಿ ಮುರಿದವರು. ಅವತ್ತು ಎಲ್ಲರಿಗಿಂತ ಮೊದಲು ಓಡಿ ಹೋಗಿ ಮುಖ್ಯ ವಾಲ್ವ್ ತಿರುಗಿಸಿದವಳು ಮಹಾನಂದಾ. ಸವಿತಾಳನ್ನು ನೀರಿನ ಕೆಳಗೆ ಹಿಡಿದು ನಿಂತವಳು, ಆಂಬುಲೆನ್ಸಿಗೆ ಹತ್ತಿಸಿದವಳೂ ಅವಳೇ. ಎರಡನೇ ಬೂತಿನ ವೇಣಿ ಕಾರಿಡಾರಿನಲ್ಲಿ ಕುಸಿದು ಬಿದ್ದಿದ್ದಳು. ಇಬ್ಬರು ವಾಂತಿ ಮಾಡಿಕೊಂಡಿದ್ದರು. ಹನ್ನೆರಡು ಗಂಟೆಗೆ ಮಹಾನಂದಾ ಬಟ್ಟೆ ಬದಲಿಸಿ ಬಂದು ನಾಲ್ಕನೇ ಬೂತಿನಲ್ಲಿ ಕೂತಳು. ಪಾಳಿ ಮುಗಿಯುವವರೆಗೆ ನಾಲ್ಕುನೂರ ಹನ್ನೆರಡು ಬಾಟಲಿ ನೋಡಿದಳು. ಸಂಗಮೇಶ ಮರುದಿನ ಆ ದಾಖಲೆ ತಿರುವಿ ನೋಡಿದಾಗ ಒಂದೂ ತಪ್ಪಿರಲಿಲ್ಲ. ಅವನಿಗೆ ಅವಳ ಬಗ್ಗೆ ಗೌರವ ಮೂಡಿತು.

ಸವಿತಾ ಆರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಹಾನಂದಾ ಒಂದು ದಿನ ರಜೆ ಹಾಕಿದಳು.

ಅದಾದ ಮುಂದಿನ ವಾರ ಎಚ್‌ಆರ್‌ನ ಲಾವಣ್ಯ ಒಂದು ಮೇಲ್ ಕಳಿಸಿದಳು. ಘಟನೆಯ ಆಘಾತ ಯಾರಿಗೆ ಎಷ್ಟು ತಟ್ಟಿದೆ ಎಂದು ತಿಳಿಯಲು ಹೊರಗಿನ ಸಂಸ್ಥೆಯೊಂದು ಪ್ರಶ್ನಾವಳಿ ಕೊಟ್ಟಿದೆ. ನಲವತ್ತು ವಾಕ್ಯ, ಪ್ರತಿಯೊಂದಕ್ಕೂ ಐದು ಚೌಕ. ಇಂಗ್ಲಿಷಿನಲ್ಲಿದೆ, ಮೇಲ್ವಿಚಾರಕರು ಕನ್ನಡದಲ್ಲಿ ಓದಿ ಹೇಳಿ ತುಂಬಿಸಬೇಕು. ಉತ್ತರಗಳಿಂದ ಒಬ್ಬೊಬ್ಬರ ಸ್ವಭಾವ ಎಂಥದ್ದು, ಯಾರು ಒತ್ತಡ ತಡೆದುಕೊಳ್ಳುತ್ತಾರೆ, ಯಾರಿಗೆ ನೆರವು ಬೇಕು ಎಂಬುದು ಅಂಕಿಯಲ್ಲಿ ಬರುತ್ತದೆ. ಸಂಗಮೇಶನ ಪಾಳಿಗೆ ಇಪ್ಪತ್ತೊಂದು ಹಾಳೆ. ಗಡುವು ಮರುದಿನ ಸಂಜೆ ನಾಲ್ಕು.

ವೇಣಿಯ ಹಾಳೆಗೇ ಮೂವತ್ತೈದು ನಿಮಿಷ ಹಿಡಿಯಿತು. ಆನೇಕಲ್ ಕಡೆಯ ಹೆಣ್ಣು. ಒಂದು ಪ್ರಶ್ನೆಗೆ ಮೂರು ಉತ್ತರ ಕೊಡುವವಳು.

"ಮೊದಲನೇದು," ಸಂಗಮೇಶ ಓದಿದ. "ಸಣ್ಣ ವಿಷಯಕ್ಕೂ ನನಗೆ ಅಳು ಬರುತ್ತೆ. ಯಾವತ್ತೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಹೆಚ್ಚಾಗಿ, ಯಾವಾಗ್ಲೂ."

"ಸಾರ್, ಸೀರಿಯಲ್ ನೋಡುವಾಗ ಅತ್ತಿದ್ದೂ ಲೆಕ್ಕಾನಾ?"

"ಅದೂ ಲೆಕ್ಕ."

"ಅಂಗಾದ್ರೆ ಯಾವಾಗ್ಲೂ ಹಾಕಿ. ನಮ್ಮತ್ತೇನೂ ಸೇರಿಸ್ಬೇಕು ಅಂದ್ರೆ ಆರನೇ ಬಾಕ್ಸ್ ಬರ್ಕೊಳಿ."

"ವೇಣಿ, ನಲವತ್ತಿದಾವೆ."

"ಇರ್ಲಿ ಸಾರ್. ನನ್ನ ಮನ್ಸು ಎಂಗೈತೆ ಅಂತ ಇಷ್ಟು ದಿನ ಯಾರ್ ಕೇಳಿದ್ರು?"

ಹದಿಮೂರನೆಯದು ನಿದ್ದೆಯ ಕುರಿತಾಗಿತ್ತು. ವೇಣಿ ಅದಕ್ಕೆ ತಮಾಷೆ ಮಾಡಲಿಲ್ಲ. "ಕಣ್ಣು ಮುಚ್ಚಿದ್ರೆ ಸವಿತಕ್ಕನ ಕೈ ಕಾಣ್ತದೆ ಸಾರ್" ಎಂದವಳೇ ಮೇಜಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಸಂಗಮೇಶ ನೀರು ತಂದುಕೊಟ್ಟ. ಹತ್ತು ನಿಮಿಷದ ಬಳಿಕ ಮೂಗು ಒರೆಸಿಕೊಂಡು, "ಹ್ಞೂಂ, ಹದಿನಾಲ್ಕನೇದು ಓದಿ" ಎಂದಳು.

ಮರುದಿನ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಒಂದೇ ಹಾಳೆ ಉಳಿದಿತ್ತು. ಒಂದು ಬ್ಯಾಚು ಎರಡು ದಿನ ತಡವಾಗಿತ್ತು. ನಾಲ್ಕು ಬೂತುಗಳಲ್ಲಿ ವೇಗವಾಗಿ ನಡೆಯುತ್ತಿದ್ದುದು ಮಹಾನಂದಾಳದ್ದೊಂದೇ. ಅವಳನ್ನು ಅರ್ಧ ಗಂಟೆ ಎಬ್ಬಿಸಿದರೆ ಅಷ್ಟೂ ಹಿಂದೆ ಬೀಳುತ್ತಿತ್ತು. ಸಂಗಮೇಶ ಗಾಜಿನ ಮೂಲಕ ನೋಡಿದ. ಅವಳು ಎತ್ತುತ್ತಿದ್ದಳು, ತಿರುಗಿಸುತ್ತಿದ್ದಳು, ಇಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

ಆ ಕಾರ್ಖಾನೆಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಬರೆಯುವಂತಿಲ್ಲ. ಮಾಡಿದವರೇ, ಮಾಡಿದ ಹೊತ್ತಿನಲ್ಲೇ, ನೀಲಿ ಶಾಯಿಯಲ್ಲಿ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ, ಸಹಿ, ದಿನಾಂಕ ಹಾಕಬೇಕು. ಹೊಸಬರಿಗೆ ಇದನ್ನು ಕಲಿಸುವವನೇ ಸಂಗಮೇಶ. ಸಮಯದ ಕಾಲಂನಲ್ಲಿ ಒಂದು ನಿಮಿಷ ಆಚೀಚೆಯಾದರೂ ಹಾಳೆ ವಾಪಸ್ ಕಳಿಸುತ್ತಿದ್ದವನು. ಆದರೆ ಇದು ಬ್ಯಾಚಿನ ದಾಖಲೆಯಲ್ಲ, ಎಚ್‌ಆರ್ ಕಾಗದ.

ಅವನು ಪೆನ್ನು ತೆಗೆದ. ಕಣ್ಣುಮುಚ್ಚಿ ಗೀಚಲಿಲ್ಲ, ಪ್ರತಿ ವಾಕ್ಯ ಓದಿ, ಅವಳನ್ನು ನೆನೆದು ಟಿಕ್ ಹಾಕಿದ. ಸಣ್ಣ ವಿಷಯಕ್ಕೂ ಅಳು: ಯಾವತ್ತೂ ಇಲ್ಲ. ಕಷ್ಟ ಬಂದಾಗ ಏನು ಮಾಡಬೇಕೆಂದು ತೋಚುತ್ತದೆ: ಯಾವಾಗಲೂ. ಹಿಡಿದ ಕೆಲಸ ಮುಗಿಸುತ್ತೇನೆ: ಯಾವಾಗಲೂ. ರಾತ್ರಿ ನಿದ್ದೆ ಬರುವುದಿಲ್ಲ ಎಂಬಲ್ಲಿ ಮಾತ್ರ ಸ್ವಲ್ಪ ತಡೆದ. ಇಂಥವರು ನಿದ್ದೆಗೆಡುವುದಿಲ್ಲ ಎನಿಸಿತು. ನಲವತ್ತಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಒಬ್ಬರನ್ನು ಇಷ್ಟು ಚೆನ್ನಾಗಿ ಬಲ್ಲೆನಲ್ಲ ಎಂಬ ಸಮಾಧಾನವೂ ಅವನಿಗೆ ಆಗಿತ್ತು.

ಎರಡು ಗಂಟೆಗೆ, ಲಾಕರಿನ ಹತ್ತಿರ, ಸಹಿಗೆಂದು ಹಾಳೆ ಮುಂದೆ ಹಿಡಿದ.

"ಏನ್ರಿ ಸರ ಇದು?"

"ಎಚ್‌ಆರ್ ಫಾರಂ. ಎಲ್ಲರದ್ದೂ ಆಯ್ತು, ನಿಮ್ಮದೊಂದು ಬಾಕಿ."

ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳು ಹಾಳೆಯನ್ನು ಲಾಕರಿನ ಬಾಗಿಲಿಗೆ ಒತ್ತಿ ಹಿಡಿದು ಸಹಿ ಮಾಡಿದಳು.

ಫಲಿತಾಂಶ ಬಂದಾಗ ಒಂಬತ್ತು ಜನರಿಗೆ ಆಪ್ತಸಲಹೆ ಬೇಕೆಂದು ತಿಳಿಯಿತು. ನಾಲ್ಕು ಶನಿವಾರ ಒಬ್ಬ ಡಾಕ್ಟರಮ್ಮ ಬಂದು ಕಾನ್ಫರೆನ್ಸ್ ರೂಮಿನಲ್ಲಿ ಕೂತರು. ಮೊದಲ ಹೆಸರು ವೇಣಿಯದು. ಮಹಾನಂದಾಳ ಅಂಕಿ ಇಡೀ ಘಟಕದಲ್ಲೇ ಹೆಚ್ಚಿನದು. ಲಾವಣ್ಯ ಸಂತೋಷಪಟ್ಟು ಅವಳ ಫೋಟೊ ತೆಗೆಸಿ ಕ್ಯಾಂಟೀನಿನ ಬೋರ್ಡಿಗೆ ಹಾಕಿಸಿದಳು. ಕೆಳಗೆ ‘ನಮ್ಮ ಸ್ಥೈರ್ಯ ತಾರೆ’ ಎಂದು ಬರೆಸಿದ್ದಳು.

ಮಾರ್ಚ್ ಕೊನೆಯಿಂದ ನಾಲ್ಕನೇ ಬೂತಿನ ಕೆಂಪು ಟ್ರೇ ಬೇಗ ಬೇಗ ತುಂಬತೊಡಗಿತು.

ಬುಧವಾರ ಎರಡೂಕಾಲಿಗೆ ಸಂಗಮೇಶ ಗೇಟಿನಿಂದಾಚೆ ಬಂದ. ಮೆಟ್ರೊ ಕಂಬದ ನೆರಳಿನಲ್ಲಿ ಪಾಳಿ ಬಿಟ್ಟವರು ಬಸ್ಸಿಗೆ ಕಾಯುತ್ತಿದ್ದರು. ಮಹಾನಂದಾ ಗುಂಪಿನಿಂದ ಸ್ವಲ್ಪ ದೂರ, ಚೀಲವನ್ನು ಎದೆಗೆ ಹಿಡಿದು ನಿಂತಿದ್ದಳು.

"ಮಹಾನಂದಾ, ಒಂದ್ನಿಮಿಷ ಈ ಕಡೆ ಬರ್ರಿ."

"ಬಸ್ ಬರ್ತದ್ರಿ ಸರ."

"ಬರಲಿ. ನಿಜ ಹೇಳ್ರಿ, ಎಲ್ಲಾದರಾಗೂ ಏನಾದ್ರೂ ಕಾಣ್ತದಾ ನಿಮಗೆ?" ದಾವಣಗೆರೆಯವನಾದ ಸಂಗಮೇಶನಿಗೆ ಅವಳ ಮುಂದೆ ಆಫೀಸಿನ ಕನ್ನಡ ಕೈತಪ್ಪುತ್ತಿತ್ತು.

ಅವಳು ಯೋಚಿಸಿದಳು. "ಕಾಣಂಗಿಲ್ರಿ."

"ಮತ್ತೆ?"

"ನನಗ ಕಾಣಂಗಿಲ್ಲ ಅಂದಮಾತ್ರಕ್ಕ ಒಳಗ ಇಲ್ಲ ಅಂತ ಆಗಂಗಿಲ್ಲಲ್ರಿ. ಹಸಿರು ಟ್ರೇದಾಗ ಇಡಾಕ ಹೋಗ್ತೀನಿ, ಕೈ ಮುಂದ ಹೋಗಂಗಿಲ್ಲ."

"ಆರು ವರ್ಷ ಇಟ್ಟಿದ್ದೀರಲ್ಲ."

"ಇಟ್ಟೀನ್ರಿ." ಅವಳು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು. "ಆ ಸ್ಟೀಮ್ ಪೈಪಿಗೂ ಅವತ್ತ ಮುಂಜಾನೆ ಓಕೆ ಅಂತ ಬರದಿತ್ತಲ್ರಿ. ಆರೂವರಿಗೆ. ಸಹಿ ಸುದ್ದಾ ಐತಿ. ಬಾಗಲಕ ತೂಗಹಾಕಿದ್ದ ಹಾಳಿ ನಾ ನೋಡೀನಿ. ಬರದಾಂವ ನೋಡಿ ಬರದಿದ್ನೋ, ಸುಮ್ಮ ಬರದಿದ್ನೋ?"

ಸಂಗಮೇಶ ರಸ್ತೆಯ ಕಡೆ ನೋಡಿದ.

"ಸರ, ಒಂದು ಕೇಳ್ಲೇನ್ರಿ? ಆ ಫಾರಂದಾಗ ಏನಿತ್ರಿ?"

"ಯಾವ ಫಾರಂ?"

"ಲಾಕರ ಹತ್ರ ಸಹಿ ಮಾಡಿಸ್ಕೊಂಡ್ರಲ್ಲ, ಅದರೀ. ವೇಣಿಗೆ ಕರದ್ರು. ತೊಳಿಯೂ ಸೆಕ್ಷನ್ನಿನವ್ರಿಗೆ ಕರದ್ರು. ಡಾಕ್ಟರ್ ಬಾಯಾರು ಭಾಳ ಚೊಲೊ ಮಾತಾಡ್ತಾರ, ಮನಸು ಹಗರ ಆತು ಅಂತ ವೇಣಿ ಅಂದ್ಲು. ನನ್ನೂ ಕರೀತಾರ ಅಂತ ನಾಕು ಶನಿವಾರ ದಾರಿ ಕಾಯ್ದೆ ನೋಡ್ರಿ. ಆಮ್ಯಾಲ ಫೋಟೊ ಹಾಕಿದ್ರು. ನಮ್ಮನಿಯವ್ರು ಅದನ್ನ ಫೋನಿನಾಗ ಊರ ಮಂದಿಗೆಲ್ಲಾ ಕಳಿಸ್ಯಾರ. ಇನ್ನ ಅಳೂದು ಹ್ಯಾಂಗ್ರಿ?"

ಕೊನೆಯ ಮಾತಿಗೆ ಅವಳು ನಗಲು ನೋಡಿದಳು.

ಹೇಳಬಹುದಾಗಿದ್ದ ಹೊತ್ತು ಅದು. ಮೂರನೇ ಪರೀಕ್ಷೆಗೆ ಇನ್ನೂ ಇಪ್ಪತ್ತು ತಾಸು ಬಾಕಿಯಿತ್ತು. ಎಚ್‌ಆರ್ ಕಚೇರಿ ಐದೂವರೆವರೆಗೆ ತೆರೆದಿರುತ್ತಿತ್ತು. ಅಲ್ಲಿಂದ ಇನ್ನೂರು ಹೆಜ್ಜೆ. ಇನ್ನೊಬ್ಬರ ಹೆಸರಿನ ಹಾಳೆ ತುಂಬಿದ್ದಕ್ಕೆ ಹಿಂದಿನ ವರ್ಷ ಒಬ್ಬ ಕೆಮಿಸ್ಟ್ ಕೆಲಸ ಕಳೆದುಕೊಂಡದ್ದು ಸಂಗಮೇಶನಿಗೆ ನೆನಪಾಯಿತು. ಆ ವಿಚಾರಣೆಯಲ್ಲಿ ಅವನೇ ಸಾಕ್ಷಿಯಾಗಿದ್ದ.

"ಅದೆಲ್ಲ ಕಂಪ್ಯೂಟರ್ ಲೆಕ್ಕ ಹಾಕೋದು," ಎಂದ.

"ಹೌದೇನ್ರಿ."

ಸಿಗ್ನಲ್ಲಿನಾಚೆ ಕಂಪನಿ ಬಸ್ಸು ಕಾಣಿಸಿತು. ಅವನು ದನಿ ತಗ್ಗಿಸಿದ. "ನೋಡ್ರಿ, ನಾಳೆನೂ ಹದಿನೆಂಟೇ ಇರ್ತವೆ. ಚೆನ್ನಾಗಿ ಕಂಡದ್ದಷ್ಟೇ ತೆಗೀರಿ. ಹದಿನೆಂಟು ಆದಮೇಲೆ ಉಳಿದದ್ದೆಲ್ಲ ಸುಮ್ಮನೆ ಹಸಿರಿಗೆ ಹಾಕ್ತಾ ಹೋಗ್ರಿ. ಯೋಚನೆ ಮಾಡಬ್ಯಾಡ್ರಿ."

ಮಹಾನಂದಾ ಮೊದಲ ಸಲ ಅವನ ಮುಖ ನೋಡಿದಳು. "ಅದನ್ನ ನೀವು ಹೇಳಬಾರದಲ್ರಿ, ಸರ."

"ಹೇಳಿಲ್ಲ ಅಂದ್ಕೊಳ್ರಿ."

ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಎರಡು ತಿಂಗಳಿಂದ ಆ ಸೀಟಿನಲ್ಲಿ ಅವಳು ಯಾರನ್ನೂ ಕೂರಲು ಬಿಟ್ಟಿಲ್ಲ ಎಂಬುದನ್ನು ವೇಣಿ ಅವನಿಗೆ ಹೇಳಿದ್ದು ಆಮೇಲೆ.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಪರಮಾನಂದ ಹತ್ತು ಟ್ರೇಗಳನ್ನು ತಂದಿಟ್ಟ. ಟ್ರೇಗೆ ಇಪ್ಪತ್ತು. ಸಂಗಮೇಶ ಸಾಕ್ಷಿಯಾಗಿ ಗೋಡೆಯ ಬಳಿ ನಿಂತ.

ಮಹಾನಂದಾ ಮೊದಲ ಬಾಟಲಿ ಎತ್ತಿದಳು. ಕಪ್ಪು ಹಲಗೆ, ಬಿಳಿ ಹಲಗೆ. ಕೆಂಪು ಟ್ರೇಗೆ ಇಟ್ಟಳು. ಎರಡನೆಯದು, ಕೆಂಪು. ಮೂರನೆಯದು, ಕೆಂಪು. ಸಂಗಮೇಶ ಮನಸ್ಸಿನಲ್ಲೇ ಎಣಿಸುತ್ತಿದ್ದ. ಎಂಟು, ಒಂಬತ್ತು. ಸಾಲಾಗಿ ಹದಿನೆಂಟು ಬಾಟಲಿಗಳು ಕೆಂಪಿಗೆ ಹೋದವು. ಆಮೇಲೆ ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಹತ್ತೊಂಬತ್ತನೆಯದನ್ನು ಹಸಿರು ಟ್ರೇಯಲ್ಲಿ ಇಟ್ಟಳು. ಅಲ್ಲಿಂದ ಮುಂದೆ ಎಲ್ಲವೂ ಹಸಿರು. ಆದರೆ ಒಂದನ್ನೂ ಅವಸರದಲ್ಲಿ ಇಡಲಿಲ್ಲ. ಪ್ರತಿಯೊಂದನ್ನೂ ಕಪ್ಪಿನ ಮುಂದೆ ಐದು ಸೆಕೆಂಡು, ಬಿಳಿಯ ಮುಂದೆ ಐದು ಸೆಕೆಂಡು ಹಿಡಿದು, ನೋಡಿಯೇ ಇಟ್ಟಳು. ನಡುವೆ ಎರಡು ಮೂರು ಕಡೆ ಕೈ ತಡೆದಂತಾಗಿ ಮತ್ತೆ ಮುಂದೆ ಹೋಯಿತು. ಹತ್ತು ನಲವತ್ತೊಂದಕ್ಕೆ ಮುಗಿಯಿತು.

ಬಾಟಲಿಗಳ ತಳದಲ್ಲಿ ಬರಿಗಣ್ಣಿಗೆ ಕಾಣದ ಶಾಯಿಯ ಸಂಖ್ಯೆಯಿರುತ್ತದೆ. ಪರಮಾನಂದ ನೇರಳೆ ದೀಪ ಹಿಡಿದು ಒಂದೊಂದನ್ನೇ ಓದಿದ. ತೆಗೆದಿಟ್ಟ ಹದಿನೆಂಟರಲ್ಲಿ ದೋಷವಿದ್ದವು ಎರಡು. ಉಳಿದ ಹದಿನಾರು ದೋಷದ ಬಾಟಲಿಗಳು ಹಸಿರು ಟ್ರೇಗಳಲ್ಲಿದ್ದವು. ಅವುಗಳಲ್ಲೊಂದರಲ್ಲಿ ಅಕ್ಕಿಯ ನುಚ್ಚಿನಷ್ಟು ಗಾಜಿನ ಚೂರಿತ್ತು. ಅದು ಗೋಡೆಯ ಬಳಿ ನಿಂತವನಿಗೂ ಕಾಣುತ್ತಿತ್ತು.

"ಹದಿನೆಂಟು," ಪರಮಾನಂದ ದೀಪ ಕೆಳಗಿಟ್ಟ. "ಸರಿಯಾಗಿ ಹದಿನೆಂಟೇ. ಯಾರಮ್ಮ ನಿಮಗೆ ಈ ಸಂಖ್ಯೆ ಹೇಳಿದ್ದು?"

"ಯಾರೂ ಇಲ್ರಿ."

"ಮತ್ತೆ ಹದಿನೆಂಟಕ್ಕೇ ಯಾಕೆ ನಿಲ್ಲಿಸಿದ್ರಿ?"

"ಸಾಕನಿಸ್ತ್ರಿ."

ಪರಮಾನಂದ ಸಂಗಮೇಶನ ಕಡೆ ತಿರುಗಿದ. ಸಂಗಮೇಶ ಟ್ರೇಗಳನ್ನು ನೋಡುತ್ತಿದ್ದ. ಮಹಾನಂದಾ ಯಾರ ಕಡೆಗೂ ನೋಡಲಿಲ್ಲ. ಫಲಿತಾಂಶದ ಹಾಳೆ ಮುಂದಿಟ್ಟಾಗ ಅವಳು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಬೆರಳಿಟ್ಟು ಓದಿದಳು. ಅರ್ಥವಾಗದ ಎರಡು ಇಂಗ್ಲಿಷ್ ಪದ ಕೇಳಿ ತಿಳಿದುಕೊಂಡಳು. ಆಮೇಲೆ ಸಹಿ ಮಾಡಿದಳು. ಅವಳ ಸಹಿಯ ಕೆಳಗೆ ಸಾಕ್ಷಿಯ ಜಾಗದಲ್ಲಿ ಸಂಗಮೇಶ ಸಹಿ ಹಾಕಿದ. ಸಮಯ, ಹನ್ನೊಂದು ಗಂಟೆ ಐದು ನಿಮಿಷ.

ಆ ಸಂಜೆ ಬೇಗೂರಿನ ಮನೆಯಲ್ಲಿ ಅವನ ಹೆಂಡತಿ ನಿವೇದಿತಾ ಬಾಲ್ಕನಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಂಗಮೇಶ ಎದುರಿಗೆ ಕೂತು ಎಲ್ಲವನ್ನೂ ಹೇಳಿದ. ಹನ್ನೆರಡು ನಿಮಿಷದ ವಿಷಯವನ್ನೂ ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು.

"ನಿಮ್ಮ ಫಾರಂನೂ ತುಂಬಿದ್ರಾ?"

"ಹ್ಞೂಂ."

"ಅಳು ಬರುತ್ತೆ ಅನ್ನೋದಕ್ಕೆ ಏನು ಹಾಕಿದ್ರಿ?"

"ಯಾವತ್ತೂ ಇಲ್ಲ ಅಂತ."

"ಸರಿಯಾಗೇ ಹಾಕೀರಿ. ಮಾವ ತೀರಿಕೊಂಡಾಗ ನೀವು ನಾಲ್ಕನೇ ದಿನ ಡ್ಯೂಟಿಗೆ ಹೋದ್ರಿ. ಎಲ್ಲಾರೂ ಎಷ್ಟು ಗಟ್ಟಿ ಮನುಷ್ಯಪ್ಪಾ ಅಂದ್ರು." ಒಂದು ಕಾಯಿ ಬಿಡಿಸಿ ಹುಳು ಕಂಡು ಎಸೆದಳು. "ಆಮೇಲೆ ಒಂದು ವರ್ಷ ದಿನಾ ಮೂರು ಸಲ ಎದ್ದು ಗ್ಯಾಸ್ ಸಿಲಿಂಡರ್ ಆಫ್ ಆಗಿದೆಯಾ ನೋಡ್ತಿದ್ರಿ. ನಾನು ನಿದ್ದೆ ಬಂದೋಳ ಹಂಗೆ ಮಲಗಿರ್ತಿದ್ದೆ. ಅದನ್ನ ಯಾವ ಬಾಕ್ಸಿಗೆ ಹಾಕಿದ್ರಿ?"

ಸಂಗಮೇಶ ಮೊರದಿಂದ ಒಂದು ಕಾಯಿ ಎತ್ತಿಕೊಂಡ. ಬಿಡಿಸಲಿಲ್ಲ.

"ನನಗ್ಯಾಕೆ ಹೇಳ್ತಿದ್ದೀರಿ ಇದನ್ನೆಲ್ಲ?" ನಿವೇದಿತಾ ಕೇಳಿದಳು. "ಹೇಳಬೇಕಾದವರು ಬೇರೆ ಇದ್ದಾರಲ್ರೀ."

ಶುಕ್ರವಾರ ಅವನು ಎಚ್‌ಆರ್ ಕಚೇರಿಗೆ ಹೋಗಲಿಲ್ಲ. ಬ್ಯಾಚು ಹೊರಡುವುದಿತ್ತು. ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಎಚ್‌ಆರ್ ಕಚೇರಿಯ ಬಾಗಿಲು ತಟ್ಟಿ ಲಾವಣ್ಯಳ ಮುಂದೆ ಕೂತು ಹೇಳಿದ. ಲಾವಣ್ಯಳಿಗೆ ಇಪ್ಪತ್ತೊಂಬತ್ತು ವರ್ಷ. ಸಾಮಾನ್ಯವಾಗಿ ಮಾತಿನ ನಡುವೆ ನಗುವವಳು. ಕೇಳುತ್ತಾ ಕೇಳುತ್ತಾ ಲ್ಯಾಪ್‌ಟಾಪ್ ಮುಚ್ಚಿದಳು.

"ಸರ್, ನೀವು ಬುಧವಾರ ಬಂದಿದ್ರೆ ನಾನು ಮೆಡಿಕಲ್ ಅಂತ ಬರೆಸ್ತಿದ್ದೆ. ಟೆಸ್ಟ್ ಮೂರು ತಿಂಗಳು ಮುಂದಕ್ಕೆ ಹೋಗ್ತಿತ್ತು. ಅಷ್ಟರಲ್ಲಿ ಕೌನ್ಸೆಲಿಂಗ್ ಮುಗೀತಿತ್ತು. ಮೂರನೇ ಅಟೆಂಪ್ಟ್ ಆದ್ಮೇಲೆ ಆ ರೂಲ್ ಬರಲ್ಲ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಅವಳು ಮುಚ್ಚಿದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. "ಕಾಂಟ್ರಾಕ್ಟರ್ ನಿನ್ನೆನೇ ಅವರನ್ನ ಕೆಲಸದಿಂದ 'ರಿಲೀವ್' ಮಾಡಿದಾರೆ. ನಾನು ಫೋಟೊ ಬೇರೆ ಹಾಕಿಸಿದ್ದೆ ಸರ್. ಫೋಟೊ ತೆಗೆಯುವಾಗ ಅವರು ಬೇಡ ಮೇಡಂ ಅಂದಿದ್ರು. ನಾಚ್ಕೋತಾರೆ ಅಂದ್ಕೊಂಡೆ."

"ಆ ಹಾಳೆ ಇದೆಯಾ?"

"ಸ್ಕ್ಯಾನ್ ಆಗಿ ಹೋಗಿದೆ. ಒರಿಜಿನಲ್ ಇದೆ. ಇದ್ದು ಏನ್ಮಾಡೋದು?"

"ಕೊಡಿ."

ಲಾವಣ್ಯ ಕಡತದಿಂದ ಹಾಳೆ ತೆಗೆದುಕೊಟ್ಟಳು. ಸಂಗಮೇಶ ಜೇಬಿನಿಂದ ನೀಲಿ ಪೆನ್ನು ತೆಗೆದ. ಮೊದಲ ಟಿಕ್ಕಿನ ಮೇಲೆ, ಕೆಳಗಿನದು ಕಾಣುವಂತೆ, ಒಂದು ಗೆರೆ ಎಳೆದ. ಪಕ್ಕದಲ್ಲಿ ‘ಉತ್ತರ ಅವರದಲ್ಲ, ನಾನು ಬರೆದದ್ದು’ ಎಂದು ಕಾರಣ ಬರೆದ. ಸಹಿ, ದಿನಾಂಕ. ಎರಡನೆಯದಕ್ಕೂ ಹಾಗೆಯೇ. ಎಲ್ಲಕ್ಕೂ ಸೇರಿಸಿ ಕೆಳಗೊಂದು ಕಡೆ ಬರೆದರೆ ಸಾಕು ಸರ್ ಎಂದು ಲಾವಣ್ಯ ಹೇಳಿದಳು. ಅವನು ತಲೆಯಾಡಿಸಿ ಮುಂದುವರಿಸಿದ. ಇಪ್ಪತ್ತರ ಹೊತ್ತಿಗೆ ಅಂಚು ತುಂಬಿ ಹಿಂಬದಿಗೆ ಹೋಗಬೇಕಾಯಿತು. ನಲವತ್ತಕ್ಕೆ ಐವತ್ತೈದು ನಿಮಿಷ ಹಿಡಿಯಿತು.

ಬಸ್ ಸ್ಟಾಪಿನಲ್ಲಿ ಹದಿನೆಂಟೆಂದು ಹೇಳಿಕೊಟ್ಟ ವಿಷಯವನ್ನು ಅವನು ಲಾವಣ್ಯಳಿಗೆ ಅವತ್ತೂ ಹೇಳಲಿಲ್ಲ.

ಲಾವಣ್ಯ ಮಹಾನಂದಾಳ ಫೋನಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು. ಎತ್ತಿದ್ದು ಮುತ್ತು. ಹಿಂದೆ ಕಬ್ಬಿಣ ಕತ್ತರಿಸುವ ಸದ್ದು ಕೇಳುತ್ತಿತ್ತು.

"ಆಕಿ ಊರಿಗಿ ಹೋದ್ಲ್ರಿ ಮೇಡಂ. ನಿನ್ನಿ ಸಂಜಿ ಬಸ್ಸಿಗೆ. ಫೋನ್ ಬ್ಯಾಡ ಅಂತ ಇಲ್ಲೇ ಬಿಟ್ಟಾಳ."

"ಡಾಕ್ಟರ್ ಹತ್ರ ಮಾತಾಡಿಸ್ಬೇಕಿತ್ತು ಅವರಿಗೆ. ಒಂದು ನಾಲ್ಕು ಸಲ ಬಂದು ಹೋದ್ರೆ ಸಾಕು. ಬರೋ ಹಾಗೆ ಹೇಳ್ತೀರಾ?"

"ಡಾಕ್ಟರ? ಯಾಕ್ರಿ, ಏನಾಗೇತ್ರಿ ಆಕಿಗೆ?" ಮುತ್ತುವಿನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಆಕಿ ಭಾಳ ಗಟ್ಟಿ ಅದಾಳ್ರಿ ಮೇಡಂ. ನಿಮ್ಮ ಕಂಪನಿಯವ್ರ ಬರದು ಹಾಕಿದ್ರಲ್ರಿ."

ಸಂಗಮೇಶನಿಗೆ ಎಚ್ಚರಿಕೆ ಪತ್ರ ಬಂತು. ಹೊಸಬರಿಗೆ ದಾಖಲೆ ಬರೆಯುವುದನ್ನು ಕಲಿಸುವ ಕೆಲಸದಿಂದ ಅವನನ್ನು ತೆಗೆದರು. ಲಾವಣ್ಯ ಕ್ಯಾಂಟೀನಿನ ಬೋರ್ಡಿನಿಂದ ಫೋಟೊ ತೆಗೆಸಲು ಹೋದಾಗ ಅದು ಅಲ್ಲಿರಲಿಲ್ಲ. ವೇಣಿ ಗುರುವಾರವೇ ಬಿಚ್ಚಿ ತನ್ನ ಲಾಕರಿನಲ್ಲಿ ಇಟ್ಟುಕೊಂಡಿದ್ದಳು.

ಸೋಮವಾರ ಬೆಳಗ್ಗೆ ಆರು ಗಂಟೆಗೆ ನಾಲ್ಕನೇ ಬೂತಿಗೆ ವೇಣಿಯನ್ನು ಹಾಕಿದರು. ಸ್ಟೂಲು ಮಹಾನಂದಾಳ ಎತ್ತರಕ್ಕೇ ಇತ್ತು. ವೇಣಿ ಅದನ್ನು ತಗ್ಗಿಸಿಕೊಳ್ಳಲಿಲ್ಲ. ಕಾಲು ನೆಲಕ್ಕೆ ತಾಗದಂತೆಯೇ ಇಡೀ ಪಾಳಿ ಕೂತಳು. ಎರಡು ಗಂಟೆಯವರೆಗೆ ಸಾವಿರದ ಏಳುನೂರ ಅರವತ್ತು ಬಾಟಲಿ ನೋಡಿದಳು. ಹತ್ತೊಂಬತ್ತನ್ನು ಕೆಂಪು ಟ್ರೇಯಲ್ಲಿ ಇಟ್ಟಳು.